ನೀರನ್ನು ಒಲ್ಲದ ಸೀಸೆ

ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಒಂದು ಸೀಸೆ ಇದೆ. ದಪ್ಪ ಗಾಜು, ಎಳೆಯ ಜೇನಿನ ಬಣ್ಣ, ಹೊಟ್ಟೆಯ ಸುತ್ತ ಕೊರೆದ ಗೆರೆಗಳು; ಬೆಳಗಿನ ಬಿಸಿಲು ಅದನ್ನು ಹಾದು ಬರುವಾಗ ಎದುರು ಗೋಡೆಯ ಮೇಲೆ ಒಂದು ಹಳದಿ ಮೀನು ಈಜುತ್ತಿರುವಂತೆ ಕಾಣುತ್ತದೆ. ಇಷ್ಟು ಚೆಂದದ ಸೀಸೆ ಬರಿದಾಗಿ ಕೂತಿರುವುದನ್ನು ನೋಡಲಾರದೆ ನನ್ನ ಹೆಂಡತಿ, ಮದುವೆಯಾಗಿ ಬಂದ ಹೊಸತರಲ್ಲಿ, ಅದಕ್ಕೆ ಎಳ್ಳೆಣ್ಣೆ ತುಂಬಲು ಹೋದಳು. ಎಣ್ಣೆಯಷ್ಟೂ ಅವಳ ಕೈ, ಸೀರೆ, ನೆಲಗಳಿಗೆ ಹಂಚಿಹೋಯಿತೇ ಹೊರತು ಒಂದು ಹನಿಯೂ ಸೀಸೆಯೊಳಗೆ ಇಳಿಯಲಿಲ್ಲ. ಅಂದಿನಿಂದ ಅವಳು ಅದರ ಜೊತೆ ಮಾತು ಬಿಟ್ಟಿದ್ದಾಳೆ. ಮನೆಗೆ ಬಂದ ನೆಂಟರೆಲ್ಲ ಒಮ್ಮೆ ಅದನ್ನು ಎತ್ತಿ, ಅಲುಗಿಸಿ, ಕತ್ತಿನೊಳಗೆ ಟಿಕ್ ಎಂದ ಸದ್ದಿಗೆ ಬೆರಗಾಗಿ, "ಇದೇನಿದು?" ಎಂದು ಕೇಳುತ್ತಾರೆ. ನಾನು ಏನೋ ಹೇಳಿ ತೇಲಿಸಿಬಿಡುತ್ತೇನೆ. ನಿಮ್ಮಲ್ಲಿ ಮುಚ್ಚುಮರೆ ಏಕೆ, ಇವತ್ತು ಹೇಳುತ್ತೇನೆ.

ಮೂವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನಿನ್ನೂ ಮದುವೆಯಾಗದೆ, ತಾಯಿಯ ಕೈಯೂಟ ಉಣ್ಣುತ್ತ, ಸೇಲಂ ಊರಿನ ಒಂದು ಔಷಧಶಾಲೆಯಲ್ಲಿ ಕಾಂಪೌಂಡರ್ ಆಗಿದ್ದೆ. ಡಾಕ್ಟರು ಚೀಟಿ ಬರೆಯುತ್ತಿದ್ದರು. ಗೋಡೆಯಲ್ಲಿ ಕೊರೆದ ಕಿಂಡಿಯ ಹಿಂದೆ ನಿಂತು ದೊಡ್ಡ ಜಾಡಿಯಿಂದ ಔಷಧ ಅಳೆದು ಕೊಡುವುದು ನನ್ನ ಕೆಲಸ. ಆಗ ಔಷಧಕ್ಕೆ ಬರುವವರು ಕಾಯಿಲೆಯ ಜೊತೆಗೆ ಸೀಸೆಯನ್ನೂ ತಾವೇ ತರಬೇಕಿತ್ತು. ಸೀಸೆ ಇಲ್ಲದವರಿಗೆ ಔಷಧವೂ ಇಲ್ಲ. ಕಂಬೈನಲ್ಲೂರಿನ ಕಡೆಯ ರೈತ ಹರಳೆಣ್ಣೆಯ ಜಿಡ್ಡು ಇನ್ನೂ ಬಿಡದ ಸೀಸೆ ತಂದರೆ, ಶಂಕಗಿರಿಯ ಗಾಡಿಯವನು ಸೀಮೆಎಣ್ಣೆ ನಾರುವ ಸೀಸೆ ಚಾಚುತ್ತಿದ್ದ. ನಾನು ಅದನ್ನು ತೊಳೆದು, ಔಷಧ ತುಂಬಿ, ಎಷ್ಟೆಷ್ಟು ಕುಡಿಯಬೇಕೆಂದು ತಿಳಿಯಲು ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅಂಟಿಸಿ ಕೊಡುತ್ತಿದ್ದೆ. ಸೀಸೆ ನೋಡಿಯೇ ಅದು ಬಂದ ಮನೆಯನ್ನು ಹೇಳಬಲ್ಲೆ ಎಂಬ ಸಣ್ಣ ಜಂಬವೂ ನನಗಿತ್ತು.

ನಮ್ಮ ಜಿಲ್ಲೆಯಲ್ಲಿ ಕುಡಿತ ಬಂದ್ ಆದ ಮೇಲೆ ಈ ಜಂಬಕ್ಕೆ ಪೆಟ್ಟು ಬಿತ್ತು. ಅನಾಥವಾದ ಹೆಂಡದ ಸೀಸೆಗಳೂ ಪರದೇಶದ ಸೀಸೆಗಳೂ ಊರೆಲ್ಲ ಹರಡಿ, ಅಂಬಲಿಗೆ ಗತಿಯಿಲ್ಲದವರ ಕೈಯಲ್ಲೂ ದೊರೆಗಳ ಮೇಜಿನ ಸೀಸೆ ಕಾಣತೊಡಗಿತು. ಅಂಥ ಒಂದು ಶನಿವಾರ ಗುಗೈ ಕಡೆಯ ನೇಕಾರರ ಬೀದಿಯಿಂದ ಚೌಡಮ್ಮ ಎಂಬಾಕೆ ಬಂದು, ಸೆರಗಿನಲ್ಲಿ ಮುಚ್ಚಿ ತಂದಿದ್ದ ಈ ಜೇನುಬಣ್ಣದ ಸೀಸೆಯನ್ನು ಕಿಂಡಿಯಲ್ಲಿಟ್ಟಳು. ಗಂಡ ರಾಮಲಿಂಗಯ್ಯನಿಗೆ ದಿನ ಬಿಟ್ಟು ದಿನ ಚಳಿಜ್ವರ. ಹಿಂದಿನ ಎರಡು ವಾರವೂ ಬೇರೆ ಸೀಸೆಯಲ್ಲಿ ಔಷಧ ಒಯ್ದಿದ್ದವಳು ಅವಳು.

ನಾನು ಆಲಿಕೆಯಿಟ್ಟು ಔಷಧ ಸುರಿದೆ. ಅದು ಕತ್ತಿನವರೆಗೆ ಹೋಗಿ, ಅಲ್ಲಿ ಯಾರೋ ಬೈದು ಕಳಿಸಿದಂತೆ ಹಿಂದಿರುಗಿ, ನನ್ನ ಮುಂಗೈ ಮೇಲೆಲ್ಲ ಹರಿಯಿತು. ಮತ್ತೆ ಸುರಿದೆ. ಮತ್ತೆ ಹರಿಯಿತು. ಸಾಲಿನಲ್ಲಿ ನಿಂತವರು ನಕ್ಕರು.

"ಬೇರೆ ಸೀಸೆ ತಗೊಂಡು ಬಾಮ್ಮಾ, ಇದು ಕೆಟ್ಟೋಗೈತೆ," ಎಂದೆ.

"ಅಯ್ಯೋ ಬೇಡ ಅಣ್ಣಾ. ಇದ್ರಲ್ಲೇ ಮರುಂದು ಉಯ್ದು ಕೊಡಿ. ಬೇರೇದ್ರಲ್ಲಿ ಕೊಟ್ರೆ ನಮ್ಮನೇವ್ರು ಬಾಯ್ಗೇ ಇಕ್ಕಲ್ಲ. ಓದ ಎರಡು ಕಿತವೂ ಒಂದು ಗುಟುಕು ಕುಡ್ದು ಮೋರಿಗೆ ಉಯ್ದುಬುಟ್ರು."

"ಯಾಕೆ?"

ಅವಳು ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದಳು. "ನೀವು ಕೊಡೋದು ಬರೀ ತಣ್ಣಿ ಅಂತಾರೆ. ಈ ಸೀಸೇಲಿ ತಂದ್ರೆ ಮಾತ್ರ ಕುಡೀತೀನಿ, ಇಲ್ಲಾಂದ್ರೆ ಸುತ್ತಮಾ ಬೇಡ್ವೇ ಬೇಡ ಅಂತ ಅಟ ಇಡ್ದು ಮಲ್ಗವ್ರೆ. ಮಗ್ಗದ ಮೇಲೆ ಆಸು ಅರ್ದಕ್ಕೇ ನಿಂತೈತೆ ಅಣ್ಣಾ. ಮನ್ಷ ಕಡ್ಡಿ ಆಗೋಗವ್ರೆ. ನಾಳಿದ್ದು ಮತ್ತೆ ಚಳಿ ಬರೋ ದಿನ. ಅದ್ನ ತಡ್ಕಳ್ಳೋ ಸಕ್ತಿ ಐತೋ ಇಲ್ವೋ ನಂಗೆ ಗೊತ್ತಿಲ್ಲ."

ಏರ್ಕಾಡ್ ಬೆಟ್ಟದ ದೊರೆಯೊಬ್ಬನ ಬಂಗಲೆಗೆ ಮೇಜಿನ ಹಾಸು ನೇಯ್ದುಕೊಟ್ಟಾಗ ಅಲ್ಲಿನ ಬಟ್ಲರ್ ತಳದಲ್ಲಿ ಸ್ವಲ್ಪ ಮದ್ಯ ಉಳಿದಿದ್ದ ಈ ಸೀಸೆಯನ್ನು ರಾಮಲಿಂಗಯ್ಯನಿಗೆ ಕೊಟ್ಟಿದ್ದನಂತೆ. ಇದರಲ್ಲಿ ಯಾರೂ ಏನೂ ಕಲಬೆರಕೆ ಮಾಡಲಾಗದು ಎಂದಿದ್ದನಂತೆ. ಹೆಂಡದಂಗಡಿಯವನು ಎಷ್ಟು ನೀರು ಬೆರೆಸಿದ್ದಾನೆಂದು ಒಂದೇ ಗುಟುಕಿಗೆ ಹೇಳುತ್ತಿದ್ದ ರಾಮಲಿಂಗಯ್ಯ, ಜನ್ಮದಲ್ಲಿ ಮೊದಲ ಸಲ ಮೋಸವಿಲ್ಲದ್ದನ್ನು ಕುಡಿದೆನೆಂದು ಆ ಸೀಸೆಯನ್ನು ದೇವರ ಗೂಡಿನ ಪಕ್ಕದಲ್ಲೇ ಇಟ್ಟುಕೊಂಡಿದ್ದ.

ತಣ್ಣಿ ಎಂಬ ಆ ತಮಿಳು ಮಾತನ್ನು ಸ್ವಲ್ಪ ಗಮನಿಸಿ. ನಮ್ಮೂರ ಕನ್ನಡದ ಬಾಯಿಗೆ ಅಡ್ಡಬಾಗಿಲಿಲ್ಲ. ತಮಿಳು ಬೇಕೆಂದಾಗ ಬಂದು ಕೂತು ಎಲೆ ಹಾಕಿಸಿಕೊಂಡು ಹೋಗುತ್ತದೆ. ಮೈಸೂರು ಸೀಮೆಯ ನಮ್ಮ ನೆಂಟರೊಬ್ಬರು ಇದನ್ನು ಕೇಳಿ ಕಿವಿ ಮುಚ್ಚಿಕೊಂಡರೂ ನನಗೇನೂ ನಾಚಿಕೆಯಿಲ್ಲ, ಹಾಗೆ ಬಂದು ಹೋಗುವ ಮಾತಿನಿಂದಲೇ ಮನೆ ತುಂಬಿದೆ. ತಣ್ಣಿ ಎಂದರೆ ನೀರು. ತಣ್ಣಿ ಹಾಕುವುದು ಎಂದರೆ ಮಾತ್ರ ಕುಡಿಯುವುದು, ಅದೂ ನೀರನ್ನಲ್ಲ. ಹೀಗಾಗಿ ರಾಮಲಿಂಗಯ್ಯ ತಣ್ಣಿ ಹಾಕುವವನು ಎಂದು ಬೀದಿಯೆಲ್ಲ ಆಡಿಕೊಳ್ಳುತ್ತಿತ್ತು. ನಾನೂ ತಣ್ಣಿ ಹಾಕುವವನೇ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಹೌದು, ಹಾಕುತ್ತಿದ್ದೆ. ಬೆಳಿಗ್ಗೆ ಜಾಡಿ ತುಂಬ ಔಷಧ ಕಲಸಿಡುತ್ತಿದ್ದೆ. ಹತ್ತು ಗಂಟೆಯ ಹೊತ್ತಿಗೆ ಅದು ಅರ್ಧಕ್ಕಿಳಿಯುತ್ತಿತ್ತು, ಸಾಲು ಮಾತ್ರ ಬಾಗಿಲಾಚೆಗೂ ಉಳಿದಿರುತ್ತಿತ್ತು. ಮತ್ತೆ ತೂಗಿ, ಅರೆದು, ಸೋಸಿ ಮಾಡಲು ಬೇಸರ. ಮಾಡಿದರೆ ಪುಡಿ ಬೇಗ ಮುಗಿಯಿತೆಂದು ಡಾಕ್ಟರ ಸಿಡುಕು. ಪಕ್ಕದಲ್ಲೇ ಮಣ್ಣಿನ ಹೂಜಿಯಿತ್ತು. ಎರಡು ಚೊಂಬು ನೀರು ಸುರಿದರೆ ಜಾಡಿ ಮತ್ತೆ ನಗುತ್ತಿತ್ತು. ನನಗೆ ಕೆಲಸ ಕಲಿಸಿದವರೂ ಹಾಗೆಯೇ ಮಾಡುತ್ತಿದ್ದರು, ಅದೊಂದು ತಪ್ಪೆಂದು ನನಗೆ ಹೊಳೆದಿರಲೇ ಇಲ್ಲ. ನೇಯ್ಗೆ ಬಿಟ್ಟು ದೂರದಿಂದ ನಡೆದು ಬರುವ ಚೌಡಮ್ಮ ಹತ್ತು ಗಂಟೆಯ ನಂತರದವಳು. ಅವಳು ಹಾಗೆ ದನಿ ತಗ್ಗಿಸಿ ಹೇಳಿದಾಗ ನನ್ನ ಕಿವಿ ಬಿಸಿಯಾಯಿತು. ಆ ಕ್ಷಣ ಅವಳನ್ನು ಗದರಿ ಕಳಿಸಬೇಕೆನ್ನಿಸಿತೆಂದೂ ಹೇಳಿಬಿಡುತ್ತೇನೆ. ಗದರಲಿಲ್ಲ. "ಸೀಸೆ ಇಲ್ಲೇ ಬಿಟ್ಟೋಗು. ನಾಳೆ ಸಾಯಂಕಾಲ ನಮ್ಮನೇಗೆ ಬಾ," ಎಂದೆ.

ಮರುದಿನ ಭಾನುವಾರ. ಔಷಧಶಾಲೆಯ ಬೀಗದ ಕೈ ನನ್ನ ಹತ್ತಿರವೇ ಇತ್ತು. ಹೋಗಿ ತಕ್ಕಡಿಯಲ್ಲಿ ಪುಡಿ ತೂಗಿ, ಪುಸ್ತಕದಲ್ಲಿ ಹೇಳಿದಷ್ಟೇ ನೀರು ಬಿಟ್ಟು ಔಷಧ ಮಾಡಿ, ಮನೆಗೆ ತಂದು ಹಜಾರದಲ್ಲಿ ಸೀಸೆಯ ಮುಂದೆ ಕೂತೆ. ಗೋಲಿಸೋಡಾ ಕುಡಿದವರಿಗೆ ಸೀಸೆಯ ಕತ್ತಿನಲ್ಲಿ ಗೋಲಿ ಇರುವುದು ಹೊಸತಲ್ಲ. ಆದರೆ ಅಲ್ಲಿನ ಗೋಲಿ ಒಳಗಿದ್ದುದು ಹೊರಗೆ ಹೋಗದಂತೆ ತಡೆಯುತ್ತದೆ. ಇದರ ನಡತೆ ತಿರುಗುಮುರುಗು. ಕತ್ತಿನೊಳಗೆ ಸಣ್ಣ ತೂತಿನ ಪೀಠ, ಪೀಠದ ಮೇಲೆ ಅಚ್ಚುಕಟ್ಟಾಗಿ ಕೂತ ಗಾಜಿನ ಗುಂಡು, ಅದರ ಮೇಲೆ ತಂತಿ ತೂರದಂತೆ ಅಡ್ಡಾದಿಡ್ಡಿ ಕಿಂಡಿಗಳ ಒಂದು ಬಿರಡೆ. ಸೀಸೆ ಬಗ್ಗಿಸಿದರೆ ಗುಂಡು ಪೀಠ ಬಿಟ್ಟು ಉರುಳಿ ದಾರಿ ಕೊಡುತ್ತದೆ. ನೆಟ್ಟಗೆ ನಿಲ್ಲಿಸಿ ಏನು ಸುರಿದರೂ ಆ ಸುರಿದದ್ದರ ಭಾರವೇ ಗುಂಡನ್ನು ಇನ್ನಷ್ಟು ಒತ್ತಿ ಬಾಗಿಲು ಬಿಗಿಯುತ್ತದೆ. ಕಮ್ಮಾರನ ತಿದಿಯಲ್ಲಿ ಗಾಳಿಯನ್ನು ಒಳಗೆ ಬಿಟ್ಟು ಹೊರಗೆ ಬಿಡದ ತೊಗಲಿನ ತುಂಡೊಂದಿರುತ್ತದಲ್ಲ, ನಮ್ಮ ಎದೆಗೂಡಿನಲ್ಲೂ ರಕ್ತಕ್ಕೆ ಹಾಗೇ ಒಮ್ಮುಖದ ಬಾಗಿಲುಗಳಿವೆಯೆಂದು ಡಾಕ್ಟರ ಗೋಡೆಯ ಚಿತ್ರದಲ್ಲಿ ನೋಡಿದ್ದೆ. ಅವೆಲ್ಲ ಕೆಲಸ ನಡೆಯಲೆಂದು ಇಟ್ಟ ಬಾಗಿಲುಗಳು. ಇದೊಂದು ಮಾತ್ರ ಅನುಮಾನಕ್ಕೆಂದೇ ಇಟ್ಟದ್ದು.

ಯಾರದೋ ಮೇಲಿನ ಅನುಮಾನ! ಕಡಲಾಚೆ ಕೂತ ಯಾವನೋ ಒಬ್ಬ ತಾನೆಂದೂ ಕಾಣದ ಊರಿನ, ತಾನೆಂದೂ ಕಾಣದ ಅಂಗಡಿಯವನನ್ನು ಕಲ್ಪಿಸಿಕೊಂಡು, ಅವನ ಬೆರಳು, ಅವನ ಆಲಿಕೆ, ಅವನ ಹೂಜಿ ಎಲ್ಲವನ್ನೂ ಲೆಕ್ಕ ಹಾಕಿ ಈ ಗುಂಡನ್ನು ಕೂರಿಸಿದ್ದಾನೆ. ಬೀಗ ಎಷ್ಟು ಎತ್ತರದಲ್ಲಿದೆ ನೋಡಿದರೆ ಕಳ್ಳನ ಎತ್ತರ ಅಂದಾಜಾಗುತ್ತದೆಯಲ್ಲವೆ? ನಾನು ಆ ಸೀಸೆಯ ಕತ್ತಿನೊಳಗೆ ಕಣ್ಣಿಟ್ಟು ನೋಡಿದಷ್ಟೂ ಅಲ್ಲಿ ನನ್ನ ಅಳತೆಯೇ ಕಾಣತೊಡಗಿತು. ಕುತೂಹಲವೇನೋ ಕಡಿಮೆಯಾಗಲಿಲ್ಲ, ಅದಕ್ಕೆ ಸ್ವಲ್ಪ ಹಟವೂ ಸೇರಿಕೊಂಡಿತು.

ಕೊಡೆಯ ಕಡ್ಡಿಯಿಂದ ಕೆದಕಿದೆ. ಗರಿಕೆಯ ಕೊಳವೆ ತೂರಿಸಿದೆ. ಪಕ್ಕದ ಮನೆಯಿಂದ ಸೈಕಲ್ ಪಂಪು ತಂದು ಒತ್ತಿದೆ. ಔಷಧ ಚಿಮ್ಮಿ ಗೋಡೆಯ ಕ್ಯಾಲೆಂಡರಿನ ಲಕ್ಷ್ಮಿಗೆ ಅಭಿಷೇಕವಾಯಿತು. ಸೀಸೆ ತಲೆಕೆಳಗಾದಾಗ ಗುಂಡು ಜಾರಿ ದಾರಿ ತೆರೆದಿರುತ್ತದೆಂದು ನನಗೆ ತಿಳಿದಿತ್ತು, ಆದರೆ ತಲೆಕೆಳಗಾದ ಸೀಸೆಗೆ ತುಂಬುವುದು ಹೇಗೆ? ತರಕಾರಿ ಹೆಚ್ಚುತ್ತಿದ್ದ ನಮ್ಮ ತಾಯಿ ಬಹಳ ಹೊತ್ತು ನೋಡಿ, ತಡೆಯಲಾರದೆ ಎದ್ದು ಬಂದರು.

"ಏನಲಾ, ಬೆಳಿಗ್ಗೆಯಿಂದ ಅದ್ರ ಕತ್ತು ಇಚುಕ್ತಾ ಕುಂತಿದ್ದೀಯ?"

ಹೇಳಿದೆ. ಅಮ್ಮ ಸೀಸೆಯನ್ನು ಕೈಯಲ್ಲಿ ಹಿಡಿದು ಬಗ್ಗಿಸಿ, ಎತ್ತಿ, ಟಿಕ್ ಸದ್ದು ಕೇಳಿ ನಕ್ಕರು.

"ನೀನು ತಳ್ತಿದ್ದೀಯ, ಅದ್ಕೇ ಅದು ಬಾಗ್ಲು ಇಕ್ತೈತೆ. ಒಟ್ಟೆನೋವಿಗೆ ಚೊಂಬು ಇಕ್ಕೋದು ನೋಡಿಲ್ವಾ? ದೀಪ ಅಚ್ಚಿ ಚೊಂಬು ಕವುಚಿದ್ರೆ ಒಟ್ಟೆ ಚರ್ಮನ ಯಾರಾದ್ರೂ ತಳ್ತಾರಾ ಒಳೀಕೆ? ಕಾದಿದ್ದು ಆರ್ತಾ ಆರ್ತಾ ಅದೇ ಈರ್ಕಂತೈತೆ."

ಬತ್ತಿ ಹಚ್ಚಿ ಹೊಟ್ಟೆಯ ಮೇಲೆ ಚೊಂಬು ಕವುಚುವ ಆ ಮನೆಮದ್ದನ್ನು ನಾನು ಕಾಂಪೌಂಡರಾದ ಮೇಲೆ ಸಾಕಷ್ಟು ಗೇಲಿ ಮಾಡಿದ್ದವನು. ಈಗ ಬಾಯಿ ಮುಚ್ಚಿಕೊಂಡು ಒಲೆಯ ಮೇಲೆ ನೀರಿಟ್ಟೆ. ಸೀಸೆಯನ್ನು ಓರೆಯಾಗಿ ಹಿಡಿದು ಹೊಟ್ಟೆಗೆ ಬಿಸಿನೀರಿನ ಬಟ್ಟೆ ಸುತ್ತಿದೆ. ಕಾದ ಗಾಳಿ ಉರುಳಿ ನಿಂತ ಗುಂಡಿನ ಪಕ್ಕದಿಂದ ಹೊರಗೆ ಹೋಯಿತು. ಕೂಡಲೇ ಬಾಯಿಯನ್ನು ಔಷಧದ ಬಟ್ಟಲಿನಲ್ಲಿ ಕವುಚಿ, ಮೇಲೆ ತಣ್ಣನೆಯ ಬಟ್ಟೆ ಹಾಕಿದೆ. ಅವಸರಕ್ಕೆ ತಂಬಿಗೆ ನೀರನ್ನೇ ಸುರಿದಾಗ ಔಷಧ ರಭಸದಿಂದ ಏರಿ ಗುಂಡನ್ನೂ ಎತ್ತಿಕೊಂಡು ಹೋಗಿ ಟಿಕ್ ಎಂದು ಬಾಗಿಲು ಮುಚ್ಚಿಬಿಟ್ಟಿತು. ಒದ್ದೆ ಬಟ್ಟೆಯಿಂದ ಸೀಸೆಯ ಹೊಟ್ಟೆಯನ್ನು ನಿಧಾನವಾಗಿ ಒರೆಸುತ್ತ ಕೂತರೆ ಗುಂಡಿಗೆ ಎಚ್ಚರವೇ ಆಗಲಿಲ್ಲ, ಒಂದು ಬೆರಳಿನಷ್ಟು ಔಷಧ ಕಳ್ಳಹೆಜ್ಜೆಯಲ್ಲಿ ಒಳಗೆ ಬಂದು ನಿಂತಿತು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಮತ್ತೆ ಬಿಸಿ, ಮತ್ತೆ ತಣ್ಣಗೆ. ಊಟ ಮರೆತು, ಬೆರಳು ಸುಟ್ಟುಕೊಂಡು, ಹಗಲೆಲ್ಲ ಕೂತು ನಾಲ್ಕು ಸಲಕ್ಕಾಗುವಷ್ಟು ತುಂಬಿಸಿದೆ. ಹೊರಗೆ ಕಾಗದದ ಪಟ್ಟಿ ಅಂಟಿಸುವಾಗ ಒಂದು ಯೋಚನೆ ಬಂದು ಕೈ ನಿಂತಿತು: ಆ ಕಡಲಾಚೆಯವನು ಯಾವ ಮೋಸಕ್ಕೆ ಹೆದರಿ ಬಾಗಿಲಿಟ್ಟನೋ ಅದನ್ನೇ ನಾನು ಮಾಡಿ ಮುಗಿಸಿದ್ದೆ. ಈ ಸೀಸೆಯಲ್ಲಿದ್ದುದನ್ನು ಯಾರೂ ಮುಟ್ಟಿಲ್ಲವೆಂದು ನಂಬಿ ಒಬ್ಬ ರೋಗಿ ಕುಡಿಯಲಿದ್ದ. ಅವನಿಗೆ ಹೂಜಿಯ ನೀರು ಬೆರೆಸದ ಔಷಧವನ್ನು ಮೊದಲ ಸಲ ಕೊಡುತ್ತಿದ್ದೆ, ಅದೂ ಹೀಗೆ ಕಣ್ಣು ಕಟ್ಟಿ.

ಸಂಜೆ ಚೌಡಮ್ಮ ಬಂದು, ತುಂಬಿದ ಸೀಸೆಯನ್ನು ಕಣ್ಣಿಗೊತ್ತಿಕೊಂಡು ಹೋದಳು. ಸೋಮವಾರವೆಲ್ಲ ನನಗೆ ಕಿಂಡಿಯಲ್ಲಿ ಮನಸ್ಸು ನಿಲ್ಲಲಿಲ್ಲ. ಹತ್ತು ಗಂಟೆಗೆ ಜಾಡಿ ಇಳಿದಾಗ ಕೈ ಹೂಜಿಯ ಕಡೆಗೆ ಹೋಗಿ ಹಾಗೆಯೇ ಹಿಂದೆ ಬಂತು. ಸಾಲನ್ನು ಕಾಯಿಸಿ ಹೊಸ ಔಷಧ ಮಾಡಿದೆ, ಡಾಕ್ಟರು ಸಿಡುಕಿದರು. ಬುಧವಾರ ಚೌಡಮ್ಮ ಖಾಲಿ ಸೀಸೆಯೊಂದಿಗೆ ನಮ್ಮ ಮನೆಯ ಜಗುಲಿಯಲ್ಲಿ ಕೂತಿದ್ದಳು. "ಕುಡುದ್ರು ಅಣ್ಣಾ. ಸೀಸೇನ ಬಾಳ ಒತ್ತು ನೋಡ್ತಾ ಇದ್ರು, ಆಮೇಕೆ ಮಾತಾಡ್ದೆ ಕುಡುದ್ರು. ಸೋಮಾರ ಚಳಿ ಬಂತು, ಅಷ್ಟು ಜೋರಿಲ್ಲ." ಮತ್ತೆರಡು ಸಲ ಅದೇ ಬಿಸಿ, ಅದೇ ತಣ್ಣನೆಯ ಬಟ್ಟೆ. ಅಮ್ಮ ಒಂದು ಕೈ ಹಾಕಿದರು.

ಆಮೇಲೊಂದು ದಿನ ಸಾಲು ಕರಗಿದ ಮೇಲೆ ಮೂಳೆಗೆ ಬಟ್ಟೆ ಹೊದಿಸಿದಂಥ ಒಬ್ಬ ಮನುಷ್ಯ ಕೋಲೂರಿ ಕಿಂಡಿಯ ಮುಂದೆ ಬಂದು ಸೀಸೆಯನ್ನಿಟ್ಟ. ಅವನೇ ರಾಮಲಿಂಗಯ್ಯನೆಂದು ಕೇಳಬೇಕಾಗಿರಲಿಲ್ಲ.

"ಇದ್ರೊಳ್ಗೆ ಎಂಗ್ ಉಯ್ದ್ರಿ ಸ್ವಾಮಿ? ಏನೂ ಓಗಲ್ಲ ಅಂತ ಬಟ್ಲರ್ ಎದ್ರುಗೇ ಉಯ್ದು ತೋರ್ಸಿದ್ದ. ಆಗದ ಕೆಲ್ಸ ಏಳಿದ್ರೆ ಇವ್ಳು ಸುಮ್ನಾಗ್ತಾಳೆ ಅಂತ ನಾನು ಅಂಗ್ ಏಳಿದ್ದು."

ಅಂದರೆ ಇವನ ಕಣ್ಣಿಗೆ ಯಾವ ಬಟ್ಟೆಯೂ ಕಟ್ಟಿರಲಿಲ್ಲ. ನಾನು ಬಿಸಿಬಟ್ಟೆ, ಬಟ್ಟಲು, ಅಮ್ಮನ ಚೊಂಬು ಎಲ್ಲವನ್ನೂ ಹೇಳಿದೆ. ನೇಕಾರನಲ್ಲವೆ, ಎಳೆ ಎಳೆ ಬಿಡಿಸಿ ಕೇಳಿದ. ಒಂದು ಬೆರಳು ಔಷಧಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಕೇಳಿದ. ಆಮೇಲೆ ಸಾವಕಾಶವಾಗಿ ನನ್ನ ಮುಖ ನೋಡಿದ.

"ಅದ್ಕೂ ಮೊದ್ಲು ಕೊಟ್ಟಿದ್ರಲ್ಲಿ ತಣ್ಣಿ ಇತ್ತಾ?"

ಡಾಕ್ಟರು ಒಳಗೇ ಇದ್ದರು. ಇಲ್ಲವೆನ್ನಲು ನಾಲಿಗೆ ಎದ್ದಿತ್ತು.

"ಇತ್ತು," ಎಂದೆ.

ಅವನು ತಲೆದೂಗಿದ. ತನ್ನ ನಾಲಿಗೆ ಇನ್ನೂ ಕೆಟ್ಟಿಲ್ಲವೆಂಬ ಸಮಾಧಾನವೇ ಅವನ ಮುಖದಲ್ಲಿ ಹೆಚ್ಚಾಗಿತ್ತು. ನಾನು, "ಆದ್ರೆ ಈ ಸೀಸೇಲಿ—" ಎಂದು ಆಣೆಗೆ ಕೈ ಎತ್ತಿದೆ. ಅವನು ತಡೆದ.

"ಬೇಡ ಸ್ವಾಮಿ, ಏಳ್ಬೇಡಿ. ಇಷ್ಟು ಪಾಡು ಬಿದ್ದು ತಣ್ಣಿ ಯಾರ್ ಉಯ್ತಾರೆ?"

ಸೀಸೆಯನ್ನು ನನ್ನ ಕಡೆಗೆ ಸರಿಸಿ, ಮಡಿಲಿನಿಂದ ಒಂದು ಹಳೆಯ, ಬಾಯಿ ಸೀಳಿದ ಹರಳೆಣ್ಣೆ ಸೀಸೆ ತೆಗೆದು ಕಿಂಡಿಯಲ್ಲಿಟ್ಟ. "ಇನ್ನ ಇದ್ರಲ್ಲೇ ಕೊಡಿ. ಅದು ನಂಗೆ ಬೇಡ."

ಹೀಗೆ ಅದು ನಮ್ಮ ಕಿಟಕಿಗೆ ಬಂತು. ಅದಕ್ಕೆ ಎಣ್ಣೆ ತುಂಬುವ ಉಪಾಯ ನನಗೆ ಗೊತ್ತಿದೆಯೆಂದು ನನ್ನ ಹೆಂಡತಿಗೆ ಇಂದಿಗೂ ತಿಳಿಯದು. ಇದನ್ನು ಓದಿದರೆ ಜಗಳ ಗ್ಯಾರಂಟಿ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ನಾನದನ್ನು ಒಮ್ಮೆ ಎತ್ತಿ ಅಲುಗಿಸುತ್ತೇನೆ. ಟಿಕ್ ಎನ್ನುತ್ತದೆ. ಈ ಊರಿನಲ್ಲಿ ಒಬ್ಬ ಮನುಷ್ಯ ಬಾಯಿ ಸೀಳಿದ ಸೀಸೆಯನ್ನು ನನ್ನ ಕೈಗೆ ಕೊಟ್ಟು, ನಾನು ತುಂಬುವಾಗ ನನ್ನ ಕೈ ನೋಡದೆ ಬೀದಿಯ ಕಡೆ ಮುಖ ತಿರುಗಿಸಿ ನಿಂತಿದ್ದ.