ರತ್ನಳ ಥೈರಾಯ್ಡ್, ನಮ್ಮನೆ ಹಾಲು

ಡೈರಿಯ ಸಾಲಿನಲ್ಲಿ ಯಾರೋ ರತ್ನಳನ್ನು ದಾಟಿ ಮುಂದೆ ಹೋದರು. ಅವಳು ಸುಮ್ಮನಿದ್ದಳು.

ಇದು ಕಾಯಿಲೆಯ ಮೊದಲ ಲಕ್ಷಣ ಎಂದು ಯಾವ ಪುಸ್ತಕದಲ್ಲೂ ಬರೆದಿರಲಾರರು. ಆದರೆ ಅವಳನ್ನು ಬಲ್ಲವರಿಗೆ ಅದು ಸಣ್ಣ ಸಂಗತಿಯಲ್ಲ. ರತ್ನ, ಪೂರ್ತಿ ಹೆಸರು ಮುನಿರತ್ನ, ನನ್ನ ನಾದಿನಿ, ಗಂಡನ ತಂಗಿ. ಡೌನ್ ಸಿಂಡ್ರೋಮ್ ಇರುವವಳು, ವಯಸ್ಸು ಮೂವತ್ತರ ಹತ್ತಿರ. ಬಂಗಾರಪೇಟೆ ಪಕ್ಕದ ನಮ್ಮೂರಿನಲ್ಲಿ ಹಸು ಕಟ್ಟಿಕೊಂಡು ಬದುಕುತ್ತಿದ್ದೇವೆ. ಬೆಳಗಿನ ಹಾಲಿನ ಕ್ಯಾನನ್ನು ಡೈರಿಗೆ ಒಯ್ಯುವ ಕೆಲಸ ಅವಳದು. ಅಲ್ಲಿ ಸಾಲು ತಪ್ಪಿಸಿದವರು ಯಾರೇ ಆಗಲಿ, ಅಂಗಿ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದಳು. ನಾನು ಆಂಡರ್ಸನ್‌ಪೇಟೆಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಸೆರಗನ್ನೂ ಎಳೆದಿದ್ದಾಳೆ.

ಆಮೇಲೆ ಒಂದೊಂದಾಗಿ ಶುರುವಾಯಿತು. ಕ್ಯಾನು ಇಳಿಸಿ ದಾರಿಯಲ್ಲೇ ಕೂರುತ್ತಿದ್ದಳು. ದನಿ ಒಡೆದು ದಪ್ಪವಾಯಿತು. ಚರ್ಮ ಒಣಗಿತು. ಮಲಬದ್ಧತೆ. ಊಟ ಕಡಿಮೆ, ಮೈ ಮಾತ್ರ ಊದಿತು. ಮಗಳು ಮೈ ತುಂಬಿಕೊಂಡಳು ಎಂದು ನಮ್ಮತ್ತೆಗೆ ಸಂತೋಷ. ಮಧ್ಯಾಹ್ನ ಮಲಗಿದವಳನ್ನು ಸಂಜೆ ಹಾಲು ಕರೆಯುವ ಹೊತ್ತಿಗೆ ಅಲ್ಲಾಡಿಸಿ ಎಬ್ಬಿಸಬೇಕಾಗಿತ್ತು.

ಕೇಳಿದವರೆಲ್ಲ ಒಂದೇ ಮಾತು ಹೇಳಿದರು, ಅವಳು ಇರೋದೇ ಹಾಗಲ್ಲವಾ ಎಂದು. ಹುಟ್ಟಿನಿಂದ ಅಂಟಿದ ಒಂದು ಹೆಸರು ಎಷ್ಟು ಅನುಕೂಲ ನೋಡಿ. ನನಗೋ ನಿಮಗೋ ಹೀಗಾದರೆ ಆಸ್ಪತ್ರೆಗೆ ಓಡುತ್ತಾರೆ. ರತ್ನಳಿಗೆ ಏನೇ ಆದರೂ ಡೌನ್ ಸಿಂಡ್ರೋಮಿನ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಹುದು. ಅತ್ತೆ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಟಾನಿಕ್ ಬರೆದುಕೊಟ್ಟು, ಇಂಥವರಿಗೆ ಮರೆವಿನ ಕಾಯಿಲೆ ಬೇಗ ಬರುತ್ತದೆ, ಇನ್ನು ಹೀಗೇ ಇಳಿಯುತ್ತಾ ಹೋಗುತ್ತಾಳೆ ಎಂದರು.

ನನ್ನ ಗಂಡ ಅಂದು ಊಟಕ್ಕೆ ಕೂರಲಿಲ್ಲ. ನನಗೂ ಭಯವಾಯಿತು. ರತ್ನ ನಮ್ಮೆದುರೇ ಕೂತಿದ್ದಳು, ಆದರೂ ಕೈಬಿಟ್ಟು ಹೋಗುತ್ತಿದ್ದಾಳೆ ಅನ್ನಿಸುತ್ತಿತ್ತು.

ಬಂಗಾರಪೇಟೆಯಲ್ಲಿ ಇನ್ನೊಬ್ಬ ಲೇಡಿ ಡಾಕ್ಟರಿಗೆ ತೋರಿಸಿದೆವು. ಅವರು ಅವಳ ಕತ್ತು ಮುಟ್ಟಿ ನೋಡಿ, ಥೈರಾಯ್ಡ್ ಟೆಸ್ಟ್ ಕೊನೆಯ ಸಲ ಯಾವಾಗ ಮಾಡಿಸಿದ್ದು ಎಂದು ಕೇಳಿದರು.

ಮಾಡಿಸಿಯೇ ಇರಲಿಲ್ಲ.

ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ತೊಂದರೆ ಉಳಿದವರಿಗಿಂತ ಹೆಚ್ಚು, ಲಕ್ಷಣ ಇರಲಿ ಬಿಡಲಿ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಆಗಬೇಕು, ಮಂಕಾದವರಿಗೆ ಮರೆವಿನ ಕಾಯಿಲೆ ಎನ್ನುವ ಮೊದಲು ಇದನ್ನು ನೋಡಬೇಕು ಎಂದರು. ರಿಪೋರ್ಟಿನಲ್ಲಿ ಟಿಎಸ್‌ಎಚ್ ಬಹಳ ಹೆಚ್ಚಿತ್ತು. ಅಂದರೆ ಥೈರಾಯ್ಡ್ ಗ್ರಂಥಿ ಕೆಲಸ ನಿಧಾನ ಮಾಡಿತ್ತು. ದಿನಕ್ಕೊಂದು ಸಣ್ಣ ಮಾತ್ರೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ, ಬಹುಶಃ ಜೀವನಪೂರ್ತಿ. ಇಷ್ಟೇನಾ ಅನ್ನಿಸಿತು.

ಎರಡು ತಿಂಗಳು ಮಾತ್ರೆ ತಪ್ಪಿಸಲಿಲ್ಲ. ರತ್ನ ಹಾಗೇ ಇದ್ದಳು. ಮತ್ತೆ ರಕ್ತ ಕೊಟ್ಟೆವು. ಟಿಎಸ್‌ಎಚ್ ಇಳಿದೂ ಇಳಿಯದ ಹಾಗಿತ್ತು. ಹಾಗಾದರೆ ಕ್ಲಿನಿಕ್ಕಿನವರು ಹೇಳಿದ್ದೇ ನಿಜವೇನೋ ಎಂದುಕೊಂಡೆ.

ಡೋಸ್ ಹೆಚ್ಚಿಸಲು ಪೆನ್ನು ಎತ್ತಿದ ಡಾಕ್ಟರು ನಿಲ್ಲಿಸಿ, ಮಾತ್ರೆ ಹೇಗೆ ಕೊಡುತ್ತೀರಿ ಎಂದರು. ಖಾಲಿ ಹೊಟ್ಟೆಗೇ ಎಂದೆ. ಅತ್ತೆಯೂ ಹೌದು ಹೌದು ಎಂದು ತಲೆಯಾಡಿಸಿದರು. ಡಾಕ್ಟರು ನಮ್ಮನ್ನು ಬಿಟ್ಟು ರತ್ನಳ ಕಡೆ ತಿರುಗಿದರು.

"ನೀವು ಹೇಳಿ, ಮಾತ್ರೆ ಹೇಗೆ ನುಂಗ್ತೀರ?"

ರತ್ನಳಿಗೆ ನೀವು ಎಂದವರನ್ನು ನಾನು ನೋಡಿದ್ದು ಅದೇ ಮೊದಲು. ಅವಳು ಹೊತ್ತು ತೆಗೆದುಕೊಂಡಳು. ನಾನು ಬಾಯಿ ಹಾಕಲು ಹೋದೆ, ಡಾಕ್ಟರು ಕೈಸನ್ನೆ ಮಾಡಿ ತಡೆದರು.

"ಆಲಲ್ಲಿ," ಎಂದಳು ರತ್ನ. "ಬಿಸಿ ಆಲು. ಅಮ್ಮ ಕೊಡ್ತಾಳೆ."

ಇದರಲ್ಲಿ ತಪ್ಪೇನು ಎಂದೇ ಅತ್ತೆಗೆ ತಿಳಿಯಲಿಲ್ಲ. "ಆಲು ಊಟ ಎಂಗಾಯ್ತದೆ ತಾಯಿ? ಒಪ್ಪತ್ತಿನ ದಿನಾನೂ ಕುಡೀತೀವಿ."

ಹಸು ಕಟ್ಟಿದ ಮನೆಯಲ್ಲಿ ಹಾಲು ಹೊಟ್ಟೆಯ ಲೆಕ್ಕಕ್ಕಿಲ್ಲ. ಶನಿವಾರ ಉಪವಾಸ ಮಾಡುವ ಅತ್ತೆ ಲೋಟ ತುಂಬ ಹಾಲು ಕುಡಿದೂ ಏನೂ ಮುಟ್ಟಿಲ್ಲ ಎನ್ನುತ್ತಾರೆ, ದೇವರೂ ಒಪ್ಪುತ್ತಾನೆ. ಒಪ್ಪದೇ ಇದ್ದದ್ದು ಆ ಮಾತ್ರೆಯೊಂದೇ. ಹಾಲಿನ ಜೊತೆ ಹೋದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲವಂತೆ. ಬರೀ ನೀರಿನಲ್ಲಿ ನುಂಗಿಸಿ, ಹಾಲು, ಕಾಫಿ, ತಿಂಡಿ ಎಲ್ಲ ಒಂದು ಗಂಟೆ ಕಳೆದ ಮೇಲೆ ಕೊಡಿ ಎಂದರು ಡಾಕ್ಟರು. ಡೋಸ್ ಹೆಚ್ಚಿಸಲಿಲ್ಲ.

ಆ ಒಂದು ಗಂಟೆ ನಮ್ಮ ಮನೆಯ ಬೆಳಗನ್ನೇ ಬುಡಮೇಲು ಮಾಡಿತು. ಕರೆದ ಹಾಲು ಕಣ್ಣೆದುರಿಗಿದ್ದೂ ಮಗಳಿಗೆ ಕೊಡದಿರುವುದೆಂದರೆ ಅತ್ತೆಗೆ ಕರುಳು ಕಿತ್ತು ಬಂದಂತಾಗುತ್ತಿತ್ತು. ರತ್ನ ಖಾಲಿ ಲೋಟ ಹಿಡಿದು ಅತ್ತಳು. ಅತ್ತೆಯೂ ಅತ್ತರು. ಕೊನೆಗೆ ತಾವೂ ಅಷ್ಟು ಹೊತ್ತು ಕಾಫಿ ಮುಟ್ಟದೆ ಅವಳ ಪಕ್ಕ ಕೂತರು. ತಲೆ ಸಿಡಿಯುತ್ತದೆ ಎಂದು ಗೊಣಗಿದರು, ಆದರೂ ಕೂತರು. ಈಗಲೂ ಕೂರುತ್ತಾರೆ. ನನಗೆ ಅತ್ತೆಯ ಮೇಲೆ ಹೇಳಿಕೊಳ್ಳುವಂಥ ಪ್ರೀತಿಯೇನೂ ಇರಲಿಲ್ಲ; ಆ ಬೆಳಗುಗಳಲ್ಲಿ ಬಂತು.

ಮುಂದಿನ ರಿಪೋರ್ಟಿನಲ್ಲಿ ಟಿಎಸ್‌ಎಚ್ ಚೆನ್ನಾಗಿ ಇಳಿದಿತ್ತು. ಮೊದಲು ದನಿ ತಿಳಿಯಾಯಿತು. ಆಮೇಲೆ ನಿದ್ದೆ ಕಡಿಮೆಯಾಯಿತು. ಕ್ಯಾನು ಮತ್ತೆ ಅವಳ ಕೈಗೆ ಹೋಯಿತು. ಎಲ್ಲ ಮೊದಲಿನಂತಾಗಿದೆ ಎನ್ನಲಾರೆ. ಬೇಗ ದಣಿಯುತ್ತಾಳೆ. ಆದರೆ ಅವಳು ಇಳಿಯುತ್ತಾ ಹೋಗಲಿಲ್ಲ, ಅದಕ್ಕೆ ಆ ಡಾಕ್ಟರಿಗೆ ಕೈಮುಗಿಯುತ್ತೇನೆ.

ಮೊನ್ನೆ ನಾನೂ ರತ್ನಳೂ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆವು. ಕೇಳದೆಯೇ ರತ್ನ ಆ ದಿನಗಳ ಮಾತು ತೆಗೆದಳು. ಆವಾಗ ಚಳಿ ಆಗುತ್ತಿತ್ತಂತೆ. ಕಾಲು ಭಾರವಾಗಿ ಎತ್ತಲು ಬರುತ್ತಿರಲಿಲ್ಲವಂತೆ. ಅವಳು ಹೇಳುತ್ತಿದ್ದದ್ದು ಉರಿಬೇಸಿಗೆಯ ದಿನಗಳ ಮಾತು. ನಮಗೆ ಹೇಳಬಾರದಿತ್ತಾ ಎಂದೆ.

"ಯೋಳಿದ್ನಲ್ಲ ಅತ್ಗೆ. ಮಲಕ್ಕೋ ಅಂದ್ರಿ."

ದನಿಯಲ್ಲಿ ದೂರೇನೂ ಇರಲಿಲ್ಲ. ಕಾಳು ಬಿಡಿಸುತ್ತಲೇ ಇದ್ದಳು.

ಈಗ ನಮ್ಮ ಮನೆಯಲ್ಲಿ ಅವಳ ಪರವಾಗಿ ಯಾರೂ ಉತ್ತರ ಕೊಡುವುದಿಲ್ಲ. ಮೈ ಹೇಗಿದೆ ಎಂದು ಅವಳನ್ನೇ ಕೇಳುತ್ತೇವೆ. ಉತ್ತರ ಬರಲು ಹೊತ್ತಾಗುತ್ತದೆ. ಕಾಯುತ್ತೇವೆ.