ಮೇಲ್ ವಿಳಾಸವಿಲ್ಲದ ಗಿರಾಕಿ

2024ರ ಜೂನ್ ಮೊದಲ ವಾರದಲ್ಲಿ ನಾನು ಮಣಿಪಾಲದ ಟೈಗರ್ ಸರ್ಕಲ್ ಹತ್ತಿರದ ಒಂದು ಸಣ್ಣ ಕಚೇರಿಗೆ ಸೇರಿದೆ. ಆಗ ನನಗೆ ಐವತ್ತೊಂದು ವರ್ಷ. ಅದಕ್ಕೆ ಮೊದಲು ಹತ್ತೊಂಬತ್ತು ವರ್ಷ ಅದೇ ಊರಿನಲ್ಲಿ ವಿದ್ಯಾರ್ಥಿಗಳ ಥೀಸಿಸ್ ಟೈಪ್ ಮಾಡಿ, ಬೈಂಡ್ ಹಾಕಿಕೊಡುವ ಅಂಗಡಿಯಲ್ಲಿದ್ದೆ. ವಿದ್ಯಾರ್ಥಿಗಳು ತಾವೇ ಟೈಪ್ ಮಾಡುವುದನ್ನು ಕಲಿತರು, ಬೈಂಡ್ ಹಾಕಿಸುವವರು ಕಡಿಮೆಯಾದರು, ಅಂಗಡಿ ಮುಚ್ಚಿತು. ಹೊಸ ಕಚೇರಿಯಲ್ಲಿ ನನ್ನ ಹುದ್ದೆಯ ಹೆಸರು ಔಟ್‌ರೀಚ್ ಎಕ್ಸಿಕ್ಯೂಟಿವ್. ಯಾರಾದರೂ ಕೇಳಿದರೆ ನನ್ನ ಗಂಡ, "ಕಾಗದ ಬರೆಯುವ ಕೆಲಸ" ಎನ್ನುತ್ತಿದ್ದರು. ಅದೇ ಹೆಚ್ಚು ಸರಿ.

ಕಚೇರಿ ಎಂದರೆ ಒಂದು ಕೋಣೆ, ಎರಡು ಕಂಪ್ಯೂಟರ್, ಮಾಲೀಕ ಪ್ರಸಾದ್ ಮತ್ತು ನಾನು. ಪ್ರಸಾದ್ ದಾವಣಗೆರೆಯವರು. ಓದಲು ಬಂದು ಇಲ್ಲಿಯೇ ಉಳಿದವರು, ನನಗಿಂತ ಹದಿನೆಂಟು ವರ್ಷ ಚಿಕ್ಕವರು. ಅವರ ವ್ಯಾಪಾರ ಡೊಮೈನ್ ಹೆಸರುಗಳದ್ದು. ಇಂಟರ್ನೆಟ್ಟಿನಲ್ಲಿ ಒಂದು ಅಂಗಡಿಯನ್ನು ಹುಡುಕಲು ಡಾಟ್ ಕಾಮ್ ಎಂದು ಕೊನೆಯಾಗುವ ವಿಳಾಸ ಬರೆಯುತ್ತೇವಲ್ಲ, ಅದೇ ಡೊಮೈನ್. ಒಂದು ಹೆಸರು ಒಬ್ಬರ ಬಳಿ ಮಾತ್ರ ಇರುತ್ತದೆ. ಮುಂದೆ ಯಾರಿಗಾದರೂ ಬೇಕಾಗಬಹುದು ಎಂಬ ಲೆಕ್ಕದಲ್ಲಿ ಪ್ರಸಾದ್ ಅರವತ್ತಮೂರು ಹೆಸರುಗಳನ್ನು ಕೊಂಡಿಟ್ಟಿದ್ದರು. ಅಂಗಡಿ ಯಾರದ್ದೆಂದು ಗೊತ್ತಾಗುವ ಮೊದಲೇ ಬೋರ್ಡು ಬರೆಸಿ ಅಟ್ಟದಲ್ಲಿಟ್ಟ ಹಾಗೆ. ಆ ಬೋರ್ಡಿಗೆ ಅಂಗಡಿಯವರನ್ನು ಹುಡುಕುವುದು ನನ್ನ ಕೆಲಸ. ಪರಿಚಯವೇ ಇಲ್ಲದವರಿಗೆ "ನಿಮಗೆ ಈ ಹೆಸರು ಬೇಕೇ?" ಎಂದು ಬರೆಯುವ ಇಂಥ ಮೇಲ್‌ಗೆ ಕೋಲ್ಡ್ ಇಮೇಲ್ ಎನ್ನುತ್ತಾರೆ.

ಮೊದಲ ದಿನವೇ ಪ್ರಸಾದ್ ಒಂದು ಮಾತು ಹೇಳಿದ್ದರು. ಹೇಳುವಾಗ ಅವರಿಗೇ ಸಂಕೋಚವಾಗಿತ್ತು. ಮೂರು ತಿಂಗಳು ನೋಡುವುದು. ಆಗಸ್ಟ್ ಮೂವತ್ತೊಂದರೊಳಗೆ ನನ್ನ ಮೇಲ್‌ನಿಂದ ಒಬ್ಬ ಗಿರಾಕಿಯಾದರೂ ಬಂದರೆ ಕೆಲಸ ಖಾಯಂ, ಬಾರದಿದ್ದರೆ ಇಬ್ಬರ ಕಚೇರಿ ಒಬ್ಬರ ಕಚೇರಿಯಾಗುತ್ತದೆ. ನಾನು ಒಪ್ಪಿದೆ. ಐವತ್ತೊಂದರಲ್ಲಿ ಇನ್ನೊಂದು ಕಡೆ ಕೆಲಸ ಕೊಡುವವರು ಯಾರಿದ್ದರು?

ಬೆಳಿಗ್ಗೆ ಏಳು ನಲವತ್ತಕ್ಕೆ ಕಾಪುವಿನಲ್ಲಿ ಬಸ್ ಹತ್ತಿ, ಉಡುಪಿಯಲ್ಲಿ ಇನ್ನೊಂದು ಬಸ್ ಹಿಡಿದು ಒಂಬತ್ತಕ್ಕೆ ಮೊದಲು ಕೋಣೆಯ ಬೀಗ ತೆಗೆಯುತ್ತಿದ್ದೆ. ಒಂದು ಉದ್ದ ನೋಟ್‌ಪುಸ್ತಕದಲ್ಲಿ ಗೆರೆ ಎಳೆದುಕೊಂಡಿದ್ದೆ: ದಿನಾಂಕ, ಹೆಸರು, ಯಾರಿಗೆ, ಏನು ಉತ್ತರ. ಉತ್ತರ ಬಾರದಿದ್ದರೆ ನಾಲ್ಕನೆಯ ದಿನ, ಒಂಬತ್ತನೆಯ ದಿನ, ಹದಿನಾರನೆಯ ದಿನ ಮತ್ತೆ ಬರೆಯಬೇಕು. ಇದಕ್ಕೆ ಫಾಲೋ ಅಪ್ ಎನ್ನುತ್ತಾರೆ. ಜೂನ್, ಜುಲೈ ಸೇರಿ ಮುನ್ನೂರ ಹನ್ನೊಂದು ಮೇಲ್ ಕಳುಹಿಸಿದೆ. ಮುಂದೆ ಹೇಳಲಿರುವ ಒಂದನ್ನು ಬಿಟ್ಟರೆ ಬಂದ ಉತ್ತರ ಒಂಬತ್ತು. ಐದು ಮಂದಿ ಇನ್ನು ಬರೆಯಬೇಡಿ ಎಂದರು. ಇಬ್ಬರು ಬೈದರು. ಒಬ್ಬರು ತಮ್ಮದೇ ಹೆಸರನ್ನು ನನಗೆ ಮಾರಲು ನೋಡಿದರು. ಹುಬ್ಬಳ್ಳಿಯ ಒಬ್ಬ ವಕೀಲರು ಹೆಸರು ಬೇಡವೆಂದು, ಮಣಿಪಾಲದಲ್ಲಿ ಓದಲು ಬರುವ ಮಗಳಿಗೆ ಉಳಿದುಕೊಳ್ಳಲು ಒಳ್ಳೆಯ ಪಿ.ಜಿ. ಇದ್ದರೆ ತಿಳಿಸಿ ಎಂದು ಕೇಳಿದರು. ಹುಡುಕಿ ಕೊಟ್ಟೆ. ಆ ಎರಡು ತಿಂಗಳಲ್ಲಿ ನನ್ನಿಂದ ಆದ ಒಂದೇ ಉಪಕಾರ ಅದು.

ಜುಲೈ ಇಪ್ಪತ್ತೆರಡಕ್ಕೆ ಪ್ರಸಾದ್ ತಮ್ಮ ಪಟ್ಟಿಯ ಒಳ್ಳೆಯ ಹೆಸರೊಂದನ್ನು ನನ್ನ ಕೈಗೆ ಕೊಟ್ಟರು. ಕಲ್ಲಿನ ಶಿಲ್ಪಕ್ಕೆ ಸಂಬಂಧಿಸಿದ ಎರಡು ಇಂಗ್ಲಿಷ್ ಪದಗಳನ್ನು ಜೋಡಿಸಿದ ಡಾಟ್ ಕಾಮ್. ಈಗ ಅದು ಬೇರೆಯವರ ಸ್ವತ್ತಾದ್ದರಿಂದ ಪೂರ್ತಿ ಬರೆಯುವುದಿಲ್ಲ. ನಲವತ್ತು ಮಂದಿ ಶಿಲ್ಪಿಗಳಿಗೆ, ಕಲ್ಲಿನ ವ್ಯಾಪಾರಿಗಳಿಗೆ ಬರೆದೆ. ಮೂರನೆಯ ದಿನ ಕಾರ್ಕಳದಿಂದ ಉತ್ತರ ಬಂತು. ಜನಾರ್ದನ ಆಚಾರ್ಯರೆಂಬ ಹಿರಿಯ ಶಿಲ್ಪಿಯ ಸೊಸೆ ಶ್ವೇತಾ ಬರೆದದ್ದು. ಹೆಸರು ನಮಗೆ ಬೇಕು, ಮಾವ ಆಗಸ್ಟ್ ಹದಿನೇಳಕ್ಕೆ ಮಾತಾಡುತ್ತಾರೆ, ಇಷ್ಟೇ.

ಪ್ರಸಾದ್ ಅದನ್ನು ಓದಿ, ಇದು ಬೆಲೆ ಇಳಿಸುವ ಉಪಾಯ, ಸುಮ್ಮನೆ ಬಿಡಬಾರದು ಎಂದರು. ನಾಲ್ಕನೆಯ ದಿನದ ಫಾಲೋ ಅಪ್ ಕಳುಹಿಸಿದೆ. ಉತ್ತರವಿಲ್ಲ. ಒಂಬತ್ತನೆಯ ದಿನದ್ದನ್ನೂ ಕಳುಹಿಸಿದೆ.

ಆ ಸಂಜೆ ಮನೆಯಲ್ಲಿ ಗಂಡ, ಮಿಕ್ಸಿಯ ಸದ್ದು ಕೇಳಲಾಗುವುದಿಲ್ಲ, ನಾಳೆ ಉಡುಪಿಯಿಂದ ಹೊಸತು ತರುತ್ತೇನೆ ಎಂದರು. ಆಟಿಯಲ್ಲಿ ಹೊಸ ವಸ್ತು ಯಾರು ತರುತ್ತಾರೆ, ಸೋಣ ಬರಲಿ ಎಂದೆ. ಹೇಳಿದ ಮೇಲೆ ಕೈಯಲ್ಲಿದ್ದ ಸೌಟು ಅಲ್ಲಿಯೇ ನಿಂತಿತು. ಆಟಿ ನಮ್ಮ ತುಳುವರ ತಿಂಗಳು, ಜುಲೈ ಅರ್ಧದಿಂದ ಆಗಸ್ಟ್ ಅರ್ಧದವರೆಗೆ. ಅದರಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ವ್ಯಾಪಾರ ಇಲ್ಲ. ಆಚಾರ್ಯರ ಮನೆಯವರು ಹೇಳಿದ್ದ ಅದೇ ಹದಿನೇಳಕ್ಕೆ ಮುಂದಿನ ತಿಂಗಳಾದ ಸೋಣ ಶುರು. ಹುಟ್ಟಿದಂದಿನಿಂದ ಗೊತ್ತಿರುವ ಸಂಗತಿ. ಮನೆಯ ಮಿಕ್ಸಿಯ ಬಗ್ಗೆ ಇದ್ದ ಎಚ್ಚರ ಕಚೇರಿಯ ಕುರ್ಚಿಯಲ್ಲಿ ಕುಳಿತಾಗ ಇರಲಿಲ್ಲ. ಪ್ರಸಾದರಿಗೆ ಗೊತ್ತಿಲ್ಲದಿದ್ದರೆ ತಪ್ಪಲ್ಲ. ನನಗೆ?

ಮರುದಿನ ಮೇಲ್ ಬಿಟ್ಟು ಫೋನ್ ಮಾಡಿದೆ. ಆಚಾರ್ಯರೇ ಸಿಕ್ಕರು. ಮಾತೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೆಸರು ಬೇಕೇ ಬೇಕು, ಬೆಲೆಯಲ್ಲಿ ಚೌಕಾಸಿ ಇಲ್ಲ, ಆದರೆ ಆಟಿಯಲ್ಲಿ ತಾನು ಹೊಸ ಕಲ್ಲಿಗೆ ಉಳಿಯನ್ನೇ ಇಡುವವನಲ್ಲ ಎಂದರು. ನಾನು ಸ್ವಲ್ಪ ವಕಾಲತ್ತು ಮಾಡಿದೆ. ಈ ಹೆಸರು ಹನ್ನೆರಡು ವರ್ಷ ಹಳೆಯದು, ಹೊಸತು ಎಂದು ಹೇಗೆ ಹೇಳುವುದು ಎಂದೆ.

"ಹೆಸರು ಹಳೆಯದಿರಬಹುದು. ತೆಗೆದುಕೊಳ್ಳುವವ ಹೊಸಬ ಅಲ್ವಾ?" ಎಂದು ನಕ್ಕರು.

ಸರಿ, ಹದಿನೇಳರವರೆಗೆ ನಿಮಗಾಗಿ ಇಟ್ಟಿರುತ್ತೇನೆ ಎಂದೆ. ಪ್ರಸಾದರಿಗೆ ಆಟಿಯ ಕಥೆ ಹೇಳಿದಾಗ ಅವರೂ ನಕ್ಕು, ಅಷ್ಟರಲ್ಲಿ ಬೇರೆ ಯಾರೂ ಬಾರದಿದ್ದರೆ ಇರಲಿ ಎಂದರು. ಆ ಕೊನೆಯ ಮಾತನ್ನು ನಾನು ಆಚಾರ್ಯರಿಗೆ ತಿಳಿಸಲಿಲ್ಲ.

ಆಗಸ್ಟ್ ಒಂಬತ್ತು, ಶುಕ್ರವಾರ. ಬೀಗ ತೆಗೆದು ಕಂಪ್ಯೂಟರ್ ಹಾಕಿದೆ. ಮಾರಾಟಕ್ಕಿರುವ ಹೆಸರನ್ನು ಯಾರಾದರೂ ಇಂಟರ್ನೆಟ್ಟಿನಲ್ಲಿ ಬರೆದು ನೋಡಿದರೆ, ಇದು ಮಾರಾಟಕ್ಕಿದೆ ಎಂಬ ಪುಟ ತೆರೆಯುತ್ತದೆ. ಅಲ್ಲಿಂದಲೇ ನಮಗೆ ವಿಚಾರಣೆ ಕಳುಹಿಸಬಹುದು. ಜೈಪುರದ ವಿಗ್ರಹ ವ್ಯಾಪಾರಿಯೊಬ್ಬರು ಹಾಗೆ ಕಳುಹಿಸಿದ್ದರು. ಅದೇ ಕಲ್ಲಿನ ಹೆಸರು, ನಾವು ಹೇಳಿದ ಬೆಲೆ, ಕೂಡಲೇ ಬೇಕು. ಅವರು ನನ್ನ ನಲವತ್ತು ಮಂದಿಯಲ್ಲಿ ಇರಲಿಲ್ಲ. ಎಂದರೆ ನನ್ನ ಮೇಲ್‌ನಿಂದ ಬಂದ ಗಿರಾಕಿಯಲ್ಲ. ಅವರಿಗೆ ಮಾರಿದರೆ ಕಚೇರಿಗೆ ವ್ಯಾಪಾರ, ನನಗೆ ಏನೂ ಇಲ್ಲ. ಆಚಾರ್ಯರೂ ಹೋದರು, ತಿಂಗಳೂ ಹೋಯಿತು.

ಪ್ರಸಾದ್ ಹತ್ತು ಗಂಟೆಗೆ ಮೊದಲು ಬರುವವರಲ್ಲ. ಇಂಥ ವಿಚಾರಣೆಗಳು ಬಂದು ಬೀಳುವ ಮೇಲ್ ಪೆಟ್ಟಿಗೆ ತೆರೆಯುವವಳು ನಾನೊಬ್ಬಳೇ. ಎಂಟು ದಿನ ತಡವಾಗಿ ಕಂಡಿತು ಎಂದರೆ ನಂಬುತ್ತಿದ್ದರು. ಚಾ ತರಿಸಿ ಕುಡಿದೆ. ನೋಟ್‌ಪುಸ್ತಕ ತೆರೆದು ದಿನಾಂಕ ಬರೆದೆ, ಹೆಸರು ಬರೆದೆ, "ಯಾರಿಗೆ" ಎಂಬಲ್ಲಿ ಪೆನ್ನು ಹಿಡಿದು ಕುಳಿತೆ. ಹತ್ತೊಂಬತ್ತು ವರ್ಷ ಬೇರೆಯವರ ಥೀಸಿಸ್‌ನಲ್ಲಿ ಒಂದು ಅಂಕಿ ಬದಲಿಸಿದವಳಲ್ಲ ನಾನು. ಕೊನೆಗೆ ಜೈಪುರ ಎಂದು ಬರೆದೆ. ಪ್ರಸಾದ್ ಬಂದು ಚಪ್ಪಲಿ ಬಿಡುವಾಗಲೇ ಹೇಳಿದೆ.

ಅವರು ಮೂರು ಸಲ ಓದಿದರು. "ಅಕ್ಕಾ, ನಿಮ್ಮ ಆಚಾರ್ಯರು ಕಾಯ್ತಾರೆ. ಈ ಕೋಣೆಯ ಬಾಡಿಗೆ ಕಾಯೋದಿಲ್ಲ" ಎಂದರು. ನನ್ನ ಮುಖ ನೋಡಲಿಲ್ಲ. ಜೈಪುರದವರು ಹಣವನ್ನು ಎಸ್ಕ್ರೋಗೆ ಹಾಕಿದರು. ಎಂದರೆ ಮಧ್ಯಸ್ಥರ ಕೈಯಲ್ಲಿ. ಹೆಸರು ವರ್ಗವಾದ ಮೇಲೆ ಅವರು ನಮಗೆ ಕೊಡುತ್ತಾರೆ. ಹನ್ನೆರಡನೆಯ ತಾರೀಕಿಗೆ ಕಲ್ಲಿನ ಹೆಸರು ನಮ್ಮ ಪಟ್ಟಿಯಿಂದ ಹೊರಟುಹೋಯಿತು. ಅರವತ್ತೆರಡು ಉಳಿಯಿತು.

ಆಚಾರ್ಯರಿಗೆ ಒಂದು ಮೇಲ್ ಹಾಕಿಬಿಡಿ ಎಂದು ಪ್ರಸಾದ್ ಹೇಳಿದರು. ಫೋನಿನಲ್ಲಿ ಕೊಟ್ಟ ಮಾತನ್ನು ಮೇಲ್‌ನಲ್ಲಿ ಮುರಿಯುವುದು ನನಗೆ ಸರಿ ಕಾಣಲಿಲ್ಲ. ಹದಿನಾಲ್ಕಕ್ಕೆ ರಜೆ ಹಾಕಿ, ಪಡುಬಿದ್ರಿಯಲ್ಲಿ ಬಸ್ ಬದಲಿಸಿ, ಬೆಳ್ಮಣ್ ದಾರಿಯಾಗಿ ಕಾರ್ಕಳಕ್ಕೆ ಹೋದೆ. ಕೆಲಸದ ಚಪ್ಪರದಲ್ಲಿ ಒಂದು ನಂದಿ ಮುಕ್ಕಾಲು ಮುಗಿದು ಕುಳಿತಿತ್ತು. ಆಚಾರ್ಯರು ಅದರ ಕಿವಿಯನ್ನು ಉಜ್ಜುತ್ತಿದ್ದರು. ನಿಂತಲ್ಲಿಯೇ ಎಲ್ಲ ಹೇಳಿದೆ.

ಅವರು ಕೈ ನಿಲ್ಲಿಸಲಿಲ್ಲ. "ಇಟ್ಟಿರುತ್ತೇನೆ ಎಂದಿದ್ದಿರಿ ನೀವು."

"ಎಂದಿದ್ದೆ. ಇಟ್ಟುಕೊಳ್ಳುವುದು ನನ್ನ ಕೈಯಲ್ಲಿ ಇರಲಿಲ್ಲ. ಇಲ್ಲದ್ದನ್ನು ಉಂಟು ಎಂದದ್ದು ನನ್ನ ತಪ್ಪು."

ಆಮೇಲೆ ಅವರು ಗೇಟಿನ ಕಡೆ ಕೈ ತೋರಿಸಿದರು. ಅಲ್ಲಿ ಆಳೆತ್ತರದ ಕರಿಕಲ್ಲು ಒರಗಿಸಿಟ್ಟಿತ್ತು, ನುಣುಪು ಮಾಡಿ, ಏನೂ ಬರೆಯದೆ. "ಆಟಿ ಬಚಾವು ಮಾಡಿತು ಮಾರಾಯ್ತಿ. ಇಲ್ಲದಿದ್ದರೆ ನಿಮ್ಮ ಮಾತು ನಂಬಿ ಆ ಹೆಸರು ಇಷ್ಟರಲ್ಲಿ ಅದರಲ್ಲಿ ಕೆತ್ತಿ ಆಗುತ್ತಿತ್ತು."

ಶ್ವೇತಾ ಕಾಫಿ, ಕೆಸುವಿನೆಲೆಯ ಪತ್ರೊಡೆ ತಂದಳು. ಮಾತು ಹಗುರವಾಯಿತು. ಅವರ ಮನೆತನದ ಹೆಸರಿನ ಜೊತೆ ಶಿಲ್ಪ ಎಂದು ಸೇರಿಸಿ ಅವಳ ಫೋನಿನಲ್ಲಿ ಹುಡುಕಿದೆವು. ಆ ಡೊಮೈನನ್ನು ಇನ್ನೂ ಯಾರೂ ತೆಗೆದುಕೊಂಡಿರಲಿಲ್ಲ. ಇದಕ್ಕೆ ನಾನು ಬೇಡ, ನನ್ನ ಕಚೇರಿಯೂ ಬೇಡ, ವರ್ಷಕ್ಕಿಷ್ಟು ಎಂದು ಸಣ್ಣ ಶುಲ್ಕ ಕಟ್ಟಿದರೆ ಹದಿನೇಳಕ್ಕೆ ನೀವೇ ನೋಂದಾಯಿಸಬಹುದು ಎಂದು ದಾರಿ ತೋರಿಸಿದೆ. ಆಚಾರ್ಯರಿಗೆ ಇದು ಮೊದಲಿನದಕ್ಕಿಂತ ಹಿಡಿಸಿತು. ನಿಮಗೆ ಇದರಲ್ಲಿ ಎಂತ ಸಿಕ್ಕಿತು ಎಂದು ಕೇಳಿದರು. ಪತ್ರೊಡೆ ಎಂದೆ.

ಹೊರಡುವ ಮೊದಲು ಶ್ವೇತಾ ಕುತೂಹಲಕ್ಕೆ ಉಳಿದ ಪಟ್ಟಿ ಕೇಳಿದಳು. ಚೀಲದಿಂದ ತೆಗೆದು ಕೊಟ್ಟೆ. ಅವಳು ಒಂದೊಂದೇ ಹೆಸರು ಓದಿ ಅರ್ಥ ಹೇಳುವುದು, ಆಚಾರ್ಯರು ಇದು ಯಾರಿಗೂ ಬೇಡ, ಇದನ್ನು ಯಾರು ಕೊಂಡದ್ದು ಪುಣ್ಯಾತ್ಮ ಎನ್ನುವುದು. ಪ್ರಸಾದ್ ಅಲ್ಲಿ ಇಲ್ಲದ್ದು ಒಳ್ಳೆಯದಾಯಿತು. ನಲವತ್ತೊಂದನೆಯದು ಫೈಬರ್ ದೋಣಿಗಳ ಹೆಸರು.

"ಇದು ನಮ್ಮ ವಾಮನನಿಗೆ ಆಗಬೇಕಾದ್ದು" ಎಂದರು ಆಚಾರ್ಯರು.

ಎರ್ಮಾಳಿನ ವಾಮನ ಫೈಬರ್ ದೋಣಿ ಕಟ್ಟುವವರು. ಅವರ ಊರಿನ ಭಜನಾ ಮಂದಿರಕ್ಕೆ ಕಲ್ಲಿನ ಮೆಟ್ಟಿಲು ಮಾಡಿಕೊಟ್ಟದ್ದು ಆಚಾರ್ಯರು. ನಾನು ಆ ಹೆಸರಿಗಾಗಿ ಕೊಚ್ಚಿ, ಗೋವಾ, ಚೆನ್ನೈ ಎಂದು ಇಪ್ಪತ್ತಾರು ಮೇಲ್ ಕಳುಹಿಸಿದ್ದೆ. ಕಾಪುವಿನ ನನ್ನ ಮನೆಯಿಂದ ಎರ್ಮಾಳು ಬಸ್ಸಿನಲ್ಲಿ ಹತ್ತು ನಿಮಿಷದ ದಾರಿ.

"ಅವನಿಗೆ ಯಾಕೆ ಬರೆಯಲಿಲ್ಲ ನೀವು?"

"ಅವರ ವಿಳಾಸ ಎಲ್ಲಿಯೂ ಸಿಗಲಿಲ್ಲ" ಎಂದೆ. ಇಂಟರ್ನೆಟ್ಟಿನಲ್ಲಿ ಎಂಬ ಅರ್ಥದಲ್ಲಿ.

"ಸಿಗದೆ ಎಂತ? ಭಜನಾ ಮಂದಿರದ ಎದುರಿನ ಮನೆ."

ಹದಿನೆಂಟು, ಭಾನುವಾರ, ಸೋಣದ ಎರಡನೆಯ ದಿನ ಎರ್ಮಾಳಿಗೆ ಹೋದೆ. ಆಚಾರ್ಯರು ಮೊದಲೇ ಫೋನ್ ಮಾಡಿದ್ದರು. ವಾಮನಣ್ಣ ಚಾವಡಿಯಲ್ಲಿ ಕೂರಿಸಿ ಚಾ ಕೊಡಿಸಿದರು. ಗೋವಾದ ಒಂದು ರೆಸಾರ್ಟಿನವರು ನಿಮ್ಮ ದೋಣಿಗಳನ್ನು ಇಂಟರ್ನೆಟ್ಟಿನಲ್ಲಿ ಎಲ್ಲಿ ನೋಡುವುದು ಎಂದು ಕೇಳಿದ್ದರಂತೆ. ಇವರು ಹೆಂಡತಿಯ ಅಕ್ಕನ ಮಗಳ ಮದುವೆಯ ವೀಡಿಯೊ ಕಳುಹಿಸಿದ್ದರು. ದಿಬ್ಬಣ ಹೊಳೆ ದಾಟಿದ್ದು ಇವರ ದೋಣಿಯಲ್ಲಿ. ಮದುಮಗಳು ಚೆನ್ನಾಗಿದ್ದಾಳೆ ಎಂದು ಉತ್ತರ ಬಂತು, ಆರ್ಡರ್ ಬರಲಿಲ್ಲ. ಹೆಸರು ಅವರಿಗೆ ಹಿಡಿಸಿತು. ಬೆಲೆಗೆ ಸ್ವಲ್ಪ ಎಳೆದಾಡಿ ಒಪ್ಪಿದರು. ಸಿಕ್ಕಿಬಿದ್ದದ್ದು ಒಂದೇ ಕಡೆ: ಡೊಮೈನ್ ವರ್ಗವಾಗಬೇಕಾದರೆ ಕೊಳ್ಳುವವರಿಗೆ ಮೇಲ್ ವಿಳಾಸ ಇರಬೇಕು. ವಾಮನಣ್ಣನಿಗೆ ಇರಲಿಲ್ಲ.

ಅಲ್ಲಿಂದಲೇ ಪ್ರಸಾದರಿಗೆ ಫೋನ್ ಮಾಡಿದೆ. ಕಥೆಯೆಲ್ಲ ಕೇಳಿ ಅವರು ತುಂಬ ಹೊತ್ತು ನಕ್ಕರು. "ಆಗಲಿ ಅಕ್ಕಾ. ಆದರೆ ನಿಮ್ಮ ಮೇಲ್‌ನಿಂದ ಬಂದ ಗಿರಾಕಿ ಅಂತ ಬರೆಯೋದಕ್ಕೆ ಒಂದು ಮೇಲ್ ಆದರೂ ಬೇಕಲ್ಲ?"

ವಾಮನಣ್ಣನ ಫೋನಿನಲ್ಲಿ ಒಂದು ಮೇಲ್ ಖಾತೆ ತೆರೆದೆ. ಎದುರಿನ ಕುರ್ಚಿಯಲ್ಲಿ ಕುಳಿತು, ಎರಡು ತಿಂಗಳಿಂದ ಕಳುಹಿಸುತ್ತಿದ್ದ ಅದೇ ಮೇಲನ್ನು ಕನ್ನಡ ಮಾಡಿ ಕಳುಹಿಸಿದೆ. ಅವರು ಕನ್ನಡಕ ಹಾಕಿ ಗಟ್ಟಿಯಾಗಿ ಓದಿದರು: "ನಮಸ್ಕಾರ. ನಾನು ಕಾಪುವಿನ ಸುಮತಿ. ನಿಮಗೆ ನನ್ನ ಪರಿಚಯ ಇಲ್ಲ." ಅಲ್ಲಿಗೆ ನಿಲ್ಲಿಸಿ ಕನ್ನಡಕದ ಮೇಲಿನಿಂದ ನೋಡಿದರು.

"ಪರಿಚಯ ಇಲ್ಲ ಎಂದರೆ ಎಂತ ಅಕ್ಕ? ಈಗ ಚಾ ಕುಡಿದದ್ದು ಯಾರ ಮನೆಯಲ್ಲಿ?"

ಆ ಸಾಲು ತೆಗೆದು ಇನ್ನೊಮ್ಮೆ ಕಳುಹಿಸಿದೆ. ಹತ್ತು ನಿಮಿಷ ಒಂದೇ ಬೆರಳಿನಲ್ಲಿ ಒತ್ತಿ ಅವರು ಉತ್ತರ ಬರೆದರು. ಮುನ್ನೂರಕ್ಕೂ ಹೆಚ್ಚು ಮೇಲ್‌ಗಳಾದ ನಂತರ ಬಂದ ನನ್ನ ಮೊದಲ ಒಪ್ಪಿಗೆ ಅದು: "ಆಯಿತು. ಮೀನು ತೆಗೆದುಕೊಂಡು ಹೋಗಿ."

ಇಪ್ಪತ್ತೊಂದಕ್ಕೆ ಹೆಸರು ವರ್ಗವಾಯಿತು. ಪ್ರಸಾದ್ ನನ್ನ ಕೆಲಸ ಖಾಯಂ ಮಾಡಿದರು, ಗೋಡೆಯ ಕ್ಯಾಲೆಂಡರಿನಲ್ಲಿ ಆಟಿ ಶುರುವಾಗುವ ದಿನಕ್ಕೂ ಮುಗಿಯುವ ದಿನಕ್ಕೂ ಕೆಂಪು ಗೆರೆ ಹಾಕಿದರು. ಊರಿನವರಿಗೆ ಆ ತಿಂಗಳು ನಾವು ಬರೆಯುವುದಿಲ್ಲ. ಕೆಲಸ ನನಗೆ ಕಲಿಸಿದ್ದು ಕ್ಯಾಲೆಂಡರನ್ನು ಮಾತ್ರವಲ್ಲ. ಎರಡು ತಿಂಗಳು ನಾನು ಬರೆದದ್ದೆಲ್ಲ ವಿಳಾಸ ಸಿಕ್ಕಿದವರಿಗೆ. ಬೇಕಾದವರು ಯಾರು ಎಂದು ಒಬ್ಬರನ್ನೂ ಕೇಳಿರಲಿಲ್ಲ. ಈಗ ಯಾವ ಹೆಸರು ಕೈಗೆ ಬಂದರೂ ಮೊದಲ ದಿನ ಕಂಪ್ಯೂಟರ್ ಹಾಕುವುದಿಲ್ಲ. ಆ ಕಸುಬು ಗೊತ್ತಿರುವ ಒಬ್ಬರಿಗೆ ಫೋನ್ ಮಾಡಿ, ಇದು ಯಾರಿಗೆ ಆದೀತು ಎಂದು ಕೇಳುತ್ತೇನೆ. ಅವರು ಹೇಳುವ ವಿಳಾಸದಲ್ಲಿ ಹೆಚ್ಚಾಗಿ ಒಂದು ಬಸ್ ಸ್ಟಾಪಿನ ಹೆಸರು ಇರುತ್ತದೆ.