ಒಂದೇ ಏಟಿನ ತಾಳ

ಹಬ್ಬ ಹತ್ತಿರ ಬಂತೆಂದು ನಿನ್ನೆ ಸ್ವೀಡನ್ನಿನ ಮಾಲ್ಮೋದ ನಮ್ಮ ಅಡುಗೆಮನೆಯಲ್ಲಿ ದೇವರ ಸಾಮಾನು ಹರವಿಕೊಂಡು ತಿಕ್ಕುತ್ತಿದ್ದೆ. ಹುಣಸೆಹಣ್ಣು ಹಾಕಿ ಕಂಚು ತಿಕ್ಕಿದರೆ ಒಂದು ವಾಸನೆ ಬರುತ್ತದಲ್ಲ, ಬೆರಳಿಗೆ ಅಂಟಿದರೆ ಸಂಜೆಯವರೆಗೂ ಬಿಡದ್ದು, ಅದು ನಿಮಗೂ ಗೊತ್ತಿರುತ್ತದೆ. ಆ ವಾಸನೆಗೆ ನಮ್ಮ ಅತ್ತೆಯವರು ನೆನಪಾಗಬೇಕಿತ್ತು, ಆದರು. ಜೊತೆಗೆ ಅವರು ಚರ್ಚಿನಲ್ಲಿ ತಾಳ ಹಾಕಿದ ಭಾನುವಾರವೂ ಕಣ್ಣೆದುರು ಬಂತು. ಅತ್ತೆ ಹೋಗಿಯೇ ಎಷ್ಟೋ ವರ್ಷವಾಯಿತು, ಇದು ಮಾತ್ರ ಹೋಗಿಲ್ಲ.

ಆಗ ನಾವು ಇದೇ ದೇಶದ ಸ್ಯಾಂಡ್‌ವಿಕೆನ್ ಎಂಬ ಊರಿನಲ್ಲಿದ್ದೆವು. ನನ್ನವರು ಅಲ್ಲೊಂದು ಉಕ್ಕಿನ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದರು. ಮಗಳು ಸಿಂಧುಗೆ ಹನ್ನೊಂದು ವರ್ಷ. ಅತ್ತೆ ಬೆಂಗಳೂರಿನಿಂದ ಮೊದಲ ಸಲ ಬಂದರು, ಅದೂ ನವೆಂಬರಿನಲ್ಲಿ. ಅತ್ತೆಯನ್ನು ಯಾರಾದರೂ ನವೆಂಬರಿನಲ್ಲಿ ಸ್ವೀಡನ್ನಿಗೆ ಕರೆಸುತ್ತಾರೆಯೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ನನ್ನವರು ಕಿಟಕಿಯ ಕಡೆ ನೋಡಿದರು, ಹೊರಗೆ ಮಧ್ಯಾಹ್ನ ಮೂರಕ್ಕೇ ಕತ್ತಲಾಗುತ್ತಿತ್ತು.

ಅತ್ತೆ ಮಲ್ಲೇಶ್ವರದ ಭಜನೆ ಮಂಡಳಿಯಲ್ಲಿ ತಾಳ ಹಾಕುವವರು. ಸೂಟ್‌ಕೇಸಿಗೆ ಚಟ್ನಿಪುಡಿಗಿಂತ ಮೊದಲು ಇಳಿದದ್ದು ಅವರ ಕಂಚಿನ ತಾಳದ ಜೋಡಿ. ಅದಕ್ಕೆ ಅವರದೇ ಮಡಿಯ ಕಟ್ಟಳೆಗಳಿದ್ದವು: ಇನ್ನೊಬ್ಬರ ಕೈಗೆ ಕೊಡುವಂತಿಲ್ಲ, ಪದ ಶುರುವಾದ ಮೇಲೆ ಮಂಗಳ ಹಾಡುವವರೆಗೆ ಕೆಳಗಿಡುವಂತಿಲ್ಲ.

ಸಿಂಧು ಹಾಡುತ್ತಿದ್ದದ್ದು ಊರಿನ ಚರ್ಚಿನ ಮಕ್ಕಳ ತಂಡದಲ್ಲಿ. ಅವಳ ಗೆಳತಿಯರೆಲ್ಲ ಅಲ್ಲಿದ್ದರು, ನಾವೂ ಬೇಡವೆನ್ನಲಿಲ್ಲ. ತಂಡ ನಡೆಸುತ್ತಿದ್ದ ಸಂಗೀತದ ಮೇಡಂ ಇಂಗ್ರಿಡ್‌ಗೆ ಆ ವರ್ಷ ಒಂದು ಹುಚ್ಚು ಹತ್ತಿತು. ಯೆರೂಸಲೇಮಿನ ಪುರಾತನ ದೇವಾಲಯದಲ್ಲಿ ಯಹೂದಿಗಳು ಹೇಗೆ ಹಾಡುತ್ತಿದ್ದರೋ ಹಾಗೆ ಒಂದು ಭಾನುವಾರ ಹಾಡಿಸಬೇಕು. ನಮ್ಮ ಮನೆಗೆ ಫಿಕಾಗೆ, ಅಂದರೆ ಅಲ್ಲಿಯವರ ಕಾಫಿ-ತಿಂಡಿಗೆ, ಬಂದವರು ಕಾಫಿ ಆರುವುದನ್ನೂ ಗಮನಿಸದೆ ವಿವರಿಸಿದರು. ಲೇವಿಯರೆಂಬ ಕುಲದವರಿಗೆ ಅಲ್ಲಿ ಹಾಡುವುದೇ ಪೂಜೆಯ ಕೆಲಸ, ತಂದೆಯಿಂದ ಮಗನಿಗೆ ಬಂದದ್ದು. ಕೆಲವರು ಕಿನ್ನರಿ ಹಿಡಿಯುತ್ತಿದ್ದರು. ಹಿರಿಯ ಗಾಯಕನ ಕೈಯಲ್ಲಿ ಕಂಚಿನ ತಾಳ. ಬೆಳಗಿನ ಬಲಿ ಮುಗಿದು ದ್ರಾಕ್ಷಾರಸ ಸುರಿಯುವ ಹೊತ್ತಿಗೆ ಒಬ್ಬ ಬಟ್ಟೆ ಬೀಸುತ್ತಾನೆ, ತಾಳ ಮೊಳಗುತ್ತದೆ, ಹಾಡು ಏಳುತ್ತದೆ.

ನಾನು ಇದನ್ನೆಲ್ಲ ಕನ್ನಡಕ್ಕಿಳಿಸಲು ಒದ್ದಾಡುತ್ತಿದ್ದರೆ ಅತ್ತೆ, "ನೈವೇದ್ಯದ ಹೊತ್ತಿಗೆ ಹಾಡೋರು ಅನ್ನು, ಮುಗೀತು. ಅದಕ್ಕ್ಯಾಕೆ ಇಷ್ಟು ಸುತ್ತಿ ಬಳಸ್ತೀಯ?" ಎಂದು ಒಳಗಿನಿಂದ ತಾಳ ತಂದು ತೋರಿಸಿದರು. ಇಂಗ್ರಿಡ್ ಕಣ್ಣರಳಿಸಿ, ಎರವಲು ಕೊಡುತ್ತೀರಾ ಎಂದರು. "ತಾಳ ಕೊಡಲ್ಲ. ಬೇಕಿದ್ರೆ ನಾನೇ ಬರ್ತೀನಿ" ಎಂದರು ಅತ್ತೆ.

ಅಭ್ಯಾಸದ ದಿನವೇ ಕಷ್ಟ ಶುರುವಾಯಿತು. ಚರ್ಚಿನ ಬಾಗಿಲಲ್ಲಿ ಅತ್ತೆ ಬೂಟು ಬಿಚ್ಚಿಟ್ಟರು. ದೇವರ ಮನೆಯಲ್ಲವೇ! ಕಾಲುಚೀಲದಲ್ಲಿ ಆ ಕೊರೆಯುವ ಕಲ್ಲಿನ ಮೇಲೆ ನಡೆದುಹೋಗಿ ನಿಂತರು. ಇಂಗ್ರಿಡ್‌ಗೆ ಬೇಕಿದ್ದದ್ದು ಶುರುವಿನಲ್ಲಿ ಒಂದೇ ಏಟು. ಆದರೆ ಜೀವಮಾನವಿಡೀ ಭಜನೆ ಮಾಡಿದ ಕೈ ಒಂದು ಏಟಿಗೆ ನಿಲ್ಲುತ್ತದೆಯೇ? ಹಾಡು ಎದ್ದ ಕೂಡಲೇ ತಾಳವೂ ಜಿಲ್ ಜಿಲ್ ಎಂದು ಹೊರಟಿತು. ಇಂಗ್ರಿಡ್ ನಿಲ್ಲಿಸಿ ಹೇಳಿದರು, ಮತ್ತೆ ಹೊರಟಿತು. ಮಕ್ಕಳು ಕಿಸಿಕಿಸಿ ನಕ್ಕರು. ಸಿಂಧುವಿನ ಮುಖ ಕೆಂಪಾಯಿತು. ಅವಳು ಒಬ್ಬಳೇ ಹಾಡಬೇಕಾದ ಸಾಲುಗಳ ತನಕ ಹಾಡು ಮುಟ್ಟಲೇ ಇಲ್ಲ.

ಮನೆಗೆ ಬಂದವಳು ಜಾಕೆಟ್ ಕೂಡ ಬಿಚ್ಚದೆ, "ಅಜ್ಜಿ ಬಂದ್ರೆ ನಾನು ಹಾಡಲ್ಲ" ಎಂದಳು. ನನ್ನ ಜೊತೆ ಜಗಳವೆಲ್ಲ ಸ್ವೀಡಿಷ್‌ನಲ್ಲೇ ಆಡುವ ಹುಡುಗಿ, ಅಂದು ಅಚ್ಚ ಕನ್ನಡದಲ್ಲಿ ಹೇಳಿದಳು. ಬತ್ತಿ ಹೊಸೆಯುತ್ತಿದ್ದ ಅತ್ತೆಯ ಕೈ ನಿಂತಿತು. ನನಗೆ ಮೈಯೆಲ್ಲ ಉರಿಯಿತು. ಸಮುದ್ರ ದಾಟಿ ಬಂದ ಹಿರಿಯ ಜೀವಕ್ಕೆ ಆಡುವ ಮಾತೇ ಇದು? ಬೈದೆ. ಅವಳು ಬಾಗಿಲು ಹಾಕಿಕೊಂಡಳು.

ಮರುದಿನ ಬೆಳಗ್ಗೆ ಅಜ್ಜಿ ಮೊಮ್ಮಗಳಿಗೆ ಜಡೆ ಹಾಕಿದರು. ಇಬ್ಬರೂ ಏನೂ ಆಗದವರಂತೆ ಹೊರಬಂದರು. ನಾನು ಸಮಾಧಾನಪಡುವಷ್ಟರಲ್ಲಿ ಅತ್ತೆ, "ನೋಡಮ್ಮಾ, ನಾನು ಬಂದೇ ಬರ್ತೀನಿ. ಒಂದೇ ಏಟು ಹಾಕ್ತೀನಿ. ಆಮೇಲೆ ಹಾಡು ಮುಗಿಯೋತನಕ ಕೈ ಎತ್ಕೊಂಡೇ ನಿಂತಿರ್ತೀನಿ ಅಂತ ಆಯಮ್ಮಂಗೆ ಹೇಳು" ಎಂದರು. ಸಿಂಧು ನನ್ನ ಕಡೆ ನೋಡದೆ ಬೂಟು ಹಾಕಿಕೊಂಡು ಹೊರಟಳು. ಇವರದು ಹಟ, ಅವಳದು ಮುನಿಸು, ಭಾನುವಾರ ಎಲ್ಲರೆದುರು ನನ್ನ ಮರ್ಯಾದೆ ಮೂರಾಬಟ್ಟೆ ಎಂದುಕೊಂಡೆ. ನನ್ನವರು ಮಾತ್ರ, "ಏನೂ ಆಗಲ್ಲ ಬಿಡೇ" ಎಂದು ಎಂದಿನ ಮಂತ್ರ ಹೇಳಿದರು.

ಭಾನುವಾರ ಚರ್ಚು ತುಂಬಿತ್ತು. ಇಂಗ್ರಿಡ್ ಬಿಳಿ ಬಟ್ಟೆ ಬೀಸಿದರು. ಅತ್ತೆ ಒಂದು ಏಟು ಹಾಕಿದರು. ಆ ನಾದ ಕಲ್ಲಿನ ಕಮಾನುಗಳನ್ನು ಸುತ್ತಿ ಬರುತ್ತಿರುವಾಗ ನಾನು ಎರಡನೆಯ ಏಟಿಗೆ ಹಲ್ಲು ಕಚ್ಚಿ ಕಾದೆ. ಬರಲಿಲ್ಲ. ಮಕ್ಕಳು ಹಾಡತೊಡಗಿದರು. ಅತ್ತೆ ಮಾತ್ರ ತಾಳಗಳನ್ನು ಎದೆಯ ಮಟ್ಟದಲ್ಲಿ ಬೇರೆ ಬೇರೆ ಎತ್ತಿ ಹಿಡಿದು ನಿಂತೇ ಇದ್ದರು. ಹಾಡು ಉದ್ದವಿತ್ತು. ನೋಡನೋಡುತ್ತ ಅವರ ತೋಳು ಅದುರತೊಡಗಿತು. ತಾಳದ ಅಂಚುಗಳು ಇನ್ನೇನು ತಾಕುತ್ತವೆ ಅನ್ನುವಷ್ಟು ಹತ್ತಿರ ಬಂದವು.

"ಕೈ ಇಳಿಸಿ ಅತ್ತೆ," ಎಂದು ನಾನು ಗೊಣಗಿದೆ. ನನ್ನವರು, "ಶ್!" ಎಂದರು. ಅವರ ಮುಖವೂ ಬಿಳಿಚಿತ್ತು.

ಮಿಕ್ಕ ಮಕ್ಕಳು ಹಾಡು ನಿಲ್ಲಿಸಿದರು. ಸಿಂಧುವಿನ ಸಾಲು ಬಂತು. ಅವಳು ಬಾಯಿ ತೆರೆಯಲಿಲ್ಲ. ಇಂಗ್ರಿಡ್‌ರ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಸಿಂಧು ಮಕ್ಕಳ ಗುಂಪಿನಿಂದ ಹೊರಬಂದಳು, ನೇರ ಅಜ್ಜಿಯ ಹತ್ತಿರ ಹೋಗಿ ಎರಡೂ ಕೈಯಿಂದ ಅವರ ಮೊಣಕೈ ಹಿಡಿದಳು, ಹಿಡಿದುಕೊಂಡೇ ಹಾಡಿದಳು. ಪೂರ್ತಿ ಹಾಡಿದಳು. ನನಗೆ ದುಃಖ ಒತ್ತರಿಸಿ ಬಂತು, ಪಕ್ಕದ ಸ್ವೀಡಿಷ್ ಹೆಂಗಸು ತನ್ನ ಕರವಸ್ತ್ರವನ್ನೇ ಕೊಟ್ಟಳು.

ಅಜ್ಜಿಯ ಸೋತ ಕೈಗೆ ಮೊಮ್ಮಗಳು ಆಸರೆಯಾದ ಈ ಕಥೆಯನ್ನು ನಾನು ಸ್ವೀಡನ್ನಿನ ಯಾವ ಕನ್ನಡದ ಮನೆಯಲ್ಲಿ ಹೇಳಿಲ್ಲ! ಯುಗಾದಿಯ ಊಟಕ್ಕೆ ಕೂತವರು ಹೋಳಿಗೆಯ ಜೊತೆ ಇದನ್ನೂ ನುಂಗಲೇಬೇಕು. ನಿನ್ನೆ ಸಂಜೆ ಆಚೆ ದಡದ ಕೋಪನ್‌ಹೇಗನ್ನಿನ ಆಫೀಸು ಮುಗಿಸಿ ಸಮುದ್ರದ ಮೇಲಿನ ಸೇತುವೆ ದಾಟಿ ಊಟಕ್ಕೆ ಬಂದ ಸಿಂಧುವಿಗೇ ಮತ್ತೊಮ್ಮೆ ಹೇಳಹೊರಟೆ.

"ಅಮ್ಮಾ, ಸ್ಟಾಪ್. ನಾನು ಅಜ್ಜಿಗೆ ಹೆಲ್ಪ್ ಮಾಡೋಕೆ ಹೋಗಿದ್ದಲ್ಲ. ನಂಗೆ ಮೊದಲನೇ ಸಾಲೇ ಮರೆತುಹೋಗಿತ್ತು. ಹಿಡ್ಕೊಳ್ಳದಿದ್ರೆ ಬಿದ್ದೇಹೋಗ್ತಿದ್ದೆ."

"ಮತ್ತೆ ಅಜ್ಜಿ ಬಂದ್ರೆ ಹಾಡಲ್ಲ ಅಂದಿದ್ದೆ?"

"ಒಬ್ಬಳೇ ಹಾಡೋಕೆ ಭಯ ಆಗಿತ್ತು. ಹೇಳೋಕೆ ನಾಚಿಕೆ. ಅದಕ್ಕೆ ಅಜ್ಜಿ ಮೇಲೆ ಹಾಕ್ದೆ. ಮರುದಿನ ಜಡೆ ಹಾಕುವಾಗ ಅಜ್ಜಿಗೆ ಎಲ್ಲಾ ಹೇಳ್ದೆ. 'ನಾನು ಕೈ ಎತ್ಕೊಂಡೇ ನಿಂತಿರ್ತೀನಿ, ಭಯ ಆದ್ರೆ ಬಂದು ಹಿಡ್ಕೋ' ಅಂದ್ರು."

ನಾನು ಸೌಟು ಕೆಳಗಿಟ್ಟೆ.

"ನಂಗ್ಯಾಕೆ ಹೇಳಲಿಲ್ಲ ನೀವಿಬ್ರೂ?"

"ಅಜ್ಜಿನೇ ಬೇಡ ಅಂದ್ರು," ಎಂದಳು ಸಿಂಧು. "'ನಿಮ್ಮಮ್ಮಂಗೆ ಹೇಳಿದ್ರೆ ಪಾಪ ಅಂತ ನಿನ್ನ ಹಾಡಿಂದ ಬಿಡಿಸಿ ಮನೇಲಿ ಕೂರಿಸ್ತಾಳೆ' ಅಂದ್ರು."

ಹೌದು. ಕೂರಿಸಿಯೇ ಬಿಡುತ್ತಿದ್ದೆ.